ಬಿಚ್ಚಿ ಹೊಲಿದ ದೋಣಿ

ಹೋದ ತಿಂಗಳು ಒಂದು ಫೋನ್ ಬಂತು. ಗೋಕರ್ಣದ ಕಡೆ ರೆಸಾರ್ಟ್ ಕಟ್ಟಿಸುತ್ತಿರುವವರು. "ನಿಮ್ಮ ಹತ್ರ ಹಳೇ ಕಾಲದ ಹಾಯಿ ದೋಣಿ ಇದೆಯಂತಲ್ಲ ಸರ್, ಎಷ್ಟು ವರ್ಷದ್ದು?" ಬೆಲೆಗಿಂತ ಮೊದಲು ವಯಸ್ಸು ಕೇಳಿದರು. ಅದನ್ನು ನಡುವೆ ಕೊಯ್ದು, ಅರ್ಧವನ್ನು ನೆಟ್ಟಗೆ ನಿಲ್ಲಿಸಿ, ಒಳಗೆ ಹಲಗೆ ಹೊಡೆದು ಬಾಟಲಿ ಇಡುವ ಕಪಾಟು ಮಾಡುವ ಆಲೋಚನೆಯಂತೆ. ಉಳಿದರ್ಧ ಗೇಟಿನ ಹತ್ತಿರ, ಹೂವಿನ ಗಿಡ ನೆಡೋದಕ್ಕೆ. ಕೊಡೋದಿಲ್ಲ ಅಂದೆ. ಅವರೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಬೇರೆ ಕಡೆ ಸಿಗ್ತದೆ ಬಿಡಿ ಅಂದರು. ಸಿಗುತ್ತದೆ ಕೂಡ, ನಮ್ಮ ಕರಾವಳಿಯಲ್ಲಿ ತೆಂಗಿನ ಬುಡದಲ್ಲಿ ಮಗುಚಿಕೊಂಡು ಬಿದ್ದ ದೋಣಿಗಳಿಗೆ ಏನು ಬರವೇ?

ಆದರೆ ಅವರು ಕೇಳಿದ ಪ್ರಶ್ನೆ ಮಾತ್ರ ಇಳಿಯಲಿಲ್ಲ. ದೋಣಿ ರಿಪೇರಿಗೆ ಕೈ ಹಾಕಿದ ದಿನದಿಂದ ಇದನ್ನು ಎಲ್ಲರೂ ಕೇಳಿದ್ದಾರೆ. ಶಿರಸಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರು, ಮಗಳು, ಮಗಳ ಗೆಳತಿಯರು. ಒಬ್ಬರಿಗೆ 60 ವರ್ಷ ಅಂದಿದ್ದೇನೆ, ಇನ್ನೊಬ್ಬರಿಗೆ 70. ಎರಡೂ ನನ್ನ ಬಾಯಿಗೆ ಬಂದ ಲೆಕ್ಕ. ದೋಣಿ ಹೊಲಿದುಕೊಟ್ಟ ಅಜ್ಜನ ಹತ್ತಿರ ಒಮ್ಮೆ ನಾನೇ ಕೇಳಿದ್ದೆ. ಅವರು ಬೈರಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. "ಯಾವ ವರ್ಷ ಬಿಚ್ಚಿದ್ದು ಅಂತ ಕೇಳು ತಮಾ, ಹೇಳ್ತೆ."

ಆಗ ನಗು ಬಂದಿತ್ತು. ಈಗ ಅದನ್ನೇ ಯೋಚನೆ ಮಾಡುತ್ತ ಕೂತಿದ್ದೇನೆ.

ಚಪ್ಪರ ಬಿದ್ದ ಮಳೆಗಾಲ

ದೋಣಿ ನನ್ನ ಸೋದರಮಾವನದು. ಗಂಗಾವಳಿ ಸಮುದ್ರ ಸೇರುವ ಕಡೆ, ಮಂಜಗುಣಿ ದಡದಲ್ಲಿ ಅವನ ಮನೆ. 28 ಅಡಿಯ ಪಾತಿ ದೋಣಿ. ಕೆಳಗಿನ ಒಡಲು ಒಂದೇ ಮಾವಿನ ದಿಮ್ಮಿ ಕೊರೆದದ್ದು. ಅದರ ಮೇಲೆ ಎರಡೂ ಬದಿಗೆ ಒಂದೊಂದು ಉದ್ದ ಹಲಗೆ, ಕತ್ತದ ಹಗ್ಗದಲ್ಲಿ, ಅಂದರೆ ತೆಂಗಿನ ಸಿಪ್ಪೆಯ ನಾರಿನ ಹಗ್ಗದಲ್ಲಿ ಹೊಲಿದದ್ದು. ಮೊಳೆ ಅನ್ನುವುದು ಇಡೀ ದೋಣಿಯಲ್ಲಿ ಇಲ್ಲ, ಅಥವಾ ಇರಬಾರದು. ಎಡಗಡೆಗೆ ಎರಡು ತೋಳು ಚಾಚಿ, ಅದರ ತುದಿಗೆ ಕಟ್ಟಿದ ತೇಲುಮರ. ಒಳಗೆ ಎಷ್ಟು ಇಕ್ಕಟ್ಟು ಅಂದರೆ ದೊಡ್ಡವರು ಕಾಲು ಮಡಚಿ ಕೂತರೆ ಮೊಣಕಾಲು ಎರಡೂ ಕಡೆ ತಾಗುತ್ತದೆ.

ನಾನು ಅದರಲ್ಲಿ ಹೋಗಿದ್ದು ಎಂಬತ್ತರ ದಶಕದಲ್ಲಿ, ಬೇಸಿಗೆ ರಜೆಗೆ ಅಜ್ಜಿಮನೆಗೆ ಬಂದಾಗ. ಬೆಳಗಿನ ಜಾವ ಘಟ್ಟದ ಕಡೆಯಿಂದ ತಣ್ಣನೆ ಗಾಳಿ ಬರುತ್ತದಲ್ಲ, ಅದನ್ನು ಹಿಡಿದು ಹೊರಡೋದು. ಬಿಸಿಲೇರಿದ ಮೇಲೆ ಕಡಲ ಗಾಳಿ ಶುರುವಾಗುತ್ತದೆ, ಅದನ್ನು ಹಿಡಿದು ವಾಪಸು. ಹೋಗಲಿಕ್ಕೂ ಬರಲಿಕ್ಕೂ ಪುಕ್ಕಟೆ ಗಾಡಿ. ಮಧ್ಯಾಹ್ನದ ಗಾಳಿ ವಾಯುವ್ಯದಿಂದ ಬರುವಾಗ ಎಡಗಡೆಯ ತೇಲುಮರ ನೀರು ಬಿಟ್ಟು ಮೇಲೇಳುತ್ತಿತ್ತು. ಆಗ ಮಾವ ಚುಕ್ಕಾಣಿ ಬಿಡದೆ, ಗಲ್ಲ ಮಾತ್ರ ಆ ಕಡೆ ಆಡಿಸುತ್ತಿದ್ದ. ನಾನು ತೋಳಿನ ಮರದ ಮೇಲೆ ಕೋತಿ ಹಾಗೆ ಸರಿದು ಹೋಗಿ ತುದಿಗೆ ಕೂರಬೇಕು. ಕಾಲ ಕೆಳಗೆ ನೀರು ಸುಯ್ ಅಂತ ಓಡುತ್ತಿತ್ತು. ತೇಲುಮರ ಮತ್ತೆ ನೀರಿಗೆ ಕೂರುತ್ತಿತ್ತು. ಗಾಳಿ ತಗ್ಗಿದರೆ ವಾಪಸು ಒಳಗೆ. ನನ್ನನ್ನು ಪ್ರೀತಿಯಿಂದ ಕರೆದುಕೊಂಡು ಹೋಗುತ್ತಾನೆ ಅಂದುಕೊಂಡಿದ್ದೆ. 25 ಕಿಲೋ ತೂಕಕ್ಕಾಗಿ ಒಯ್ಯುತ್ತಿದ್ದ ಅಂತ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಬೇಜಾರೇನಿಲ್ಲ, ಆಮೇಲೆ ಜೀವನದಲ್ಲಿ ನನ್ನ ತೂಕ ಅಷ್ಟು ಉಪಯೋಗಕ್ಕೆ ಬಂದಿದ್ದೂ ಇಲ್ಲ.

ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆಯೇ. ಎಪ್ಪತ್ತರ ದಶಕದ ಮಧ್ಯದಲ್ಲೇ ಯಂತ್ರದ ಬೋಟಿನ ದೊಡ್ಡ ಬಲೆ ಪರ್ಸೀನ್ ಬಂದು, ದಡದಿಂದ ಜನ ಸೇರಿ ಎಳೆಯುವ ರಂಪಣಿ ಬಲೆಯ ಸೊಂಟ ಮುರಿದಿತ್ತು. ಅದರ ಹಿಂದೆ ಔಟ್‌ಬೋರ್ಡ್ ಇಂಜಿನ್ನು, ಫೈಬರ್ ದೋಣಿ. ಮಾವನೂ ಒಂದು ದಿನ ಹಾಯಿ ಮಡಚಿ ಅಟ್ಟಕ್ಕೆ ಹಾಕಿದ. ಇದನ್ನು ನಾನು ಶೋಕಗೀತೆ ಮಾಡೋದಿಲ್ಲ. ಗಾಳಿ ಬಿದ್ದ ದಿನ ಮೂರು ಮೈಲಿ ಹುಟ್ಟು ಹಾಕಿಕೊಂಡು ಬಂದವರಿಗೆ ಇಂಜಿನ್ ಯಾಕೆ ಬೇಕು ಅಂತ ನಾನು ಶಿರಸಿಯಲ್ಲಿ ಕೂತು ಕೇಳಬಾರದು. ಮಾವ ಆಮೇಲೆ ತೇಲುಮರ ಕಳಚಿಟ್ಟು, ಅದೇ ದೋಣಿಯಲ್ಲಿ ಹೊಳೆಯಲ್ಲಿ ಸಣ್ಣ ಬಲೆ ಬಿಡುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ದೋಣಿ ಚಪ್ಪರ ಸೇರಿತು. 2023ರ ಡಿಸೆಂಬರಿನಲ್ಲಿ ಮಾವ ಹೋದ.

ಮುಂದಿನ ಮಳೆಗಾಲ 2024ರದ್ದು. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತು. ಹೊಳೆ ಕೆಂಪು ಕೆಂಪಾಗಿ ಹರಿಯಿತು. ಊರಿನ ಕಣ್ಣೆಲ್ಲ ಅತ್ತಲೇ ಇರುವಾಗ ಮಾವನ ಹಿತ್ತಲಿನಲ್ಲಿ ಒಂದು ತೆಂಗಿನ ಮರ ಚಪ್ಪರದ ಮೇಲೆ ಬಿತ್ತು. ಅದು ಯಾರ ಲೆಕ್ಕಕ್ಕೂ ಬರುವ ನಷ್ಟವಲ್ಲ, ಬರಬಾರದು ಕೂಡ. ಅತ್ತೆ ನನಗೆ ಹೇಳಿದ್ದೇ ಗಣೇಶ ಚೌತಿಗೆ ಹೋದಾಗ. "ದೋಣಿ ಮಳೆಲಿ ನೆನೀತಾ ಅದೆ. ಒಲೆಗಾದ್ರೂ ಹಾಕ್ವಾ ಅಂದ್ರೆ ಮನಸು ಬರೂದಿಲ್ಲ, ನೀ ಒಂದು ದಾರಿ ಮಾಡು."

ಬಳಚಿನ ನೆಂಟ

ಮಳೆಗಾಲ ಕಳೆದ ಮೇಲೆ ಅಜ್ಜನನ್ನು ಹುಡುಕಿಕೊಂಡು ಹೋದೆ. ಮಾವನ ಜೊತೆ ಕಡಲಿಗೆ ಹೋಗುತ್ತಿದ್ದವರು, ದೋಣಿ ಹೊಲಿಯುವುದರಲ್ಲಿ ಕೈ ಪಳಗಿದವರು. ಎಂಬತ್ತರ ಹತ್ತಿರ ಹತ್ತಿರ. ಬಂದವರು ದೋಣಿಯ ಸುತ್ತ ಒಂದು ಸುತ್ತು ಬಂದರು, ಕೊಡತಿಯಲ್ಲಿ ಅಲ್ಲಲ್ಲಿ ಬಡಿದರು. ಗಟ್ಟಿ ಮರ ಠಣ್ ಅನ್ನುತ್ತದೆ, ಕೆಟ್ಟದ್ದು ಹಲಸಿನ ಹಣ್ಣಿಗೆ ಬಡಿದ ಹಾಗೆ ಧಪ್. ಹಿಂದಿನ ತುದಿಯಲ್ಲಿ ಎರಡು ಮೊಳ ಧಪ್ ಧಪ್.

ಅಲ್ಲಿ ಹೊರಗಡೆ ಕಾಣಿಸಿದ್ದು ಬರೀ ಸೂಜಿಮೊನೆಯಷ್ಟು ತೂತುಗಳು. ಬಾಚಿಯಲ್ಲಿ ಮೇಲಿನ ಪದರ ಕೆತ್ತಿದರೆ ಒಳಗೆ ಬೆರಳು ಹೋಗುವಷ್ಟು ಸುರಂಗ, ಒಂದರ ಪಕ್ಕ ಒಂದು, ಗೋಡೆಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಇದನ್ನು ನಾವು ಹುಳ ಅಂತೇವೆ. ನಿಜಕ್ಕೆ ಅದು ಹುಳವೇ ಅಲ್ಲ, ಚಿಪ್ಪಿನ ಜಾತಿ, ನಾವು ಹುರಿದು ತಿನ್ನುವ ಬಳಚಿನ ದೂರದ ನೆಂಟ. ತಲೆಯ ಕಡೆ ಎರಡು ಪುಟ್ಟ ಚಿಪ್ಪು ಇರುತ್ತವೆ. ಅದೇ ಅದರ ಅರ. ಮರಿಯಾಗಿದ್ದಾಗ ಸಣ್ಣ ತೂತಿನಲ್ಲಿ ಹೊಕ್ಕು, ಒಳಗೇ ತಿಂದು ಒಳಗೇ ಬೆಳೆಯುತ್ತದೆ. ಮತ್ತೆ ಹೊರಗೆ ಬರುವುದಿಲ್ಲ, ಹಾಗಾಗಿ ಮೇಲಿನಿಂದ ನೋಡಿದರೆ ದೋಣಿ ಚೆಂದವೇ ಇರುತ್ತದೆ. ಉಪ್ಪು ನೀರಲ್ಲಿ ಬಾಳುವ ಪ್ರಾಣಿ, ಸಿಹಿ ನೀರು ಆಗಿಬರುವುದಿಲ್ಲ. ಅದಕ್ಕೇ ಹಿಂದೆಲ್ಲ ಮಳೆ ಮುಗಿಯುವ ಹೊತ್ತಿಗೆ ದೋಣಿಗಳನ್ನು ಹೊಳೆಯ ಮೇಲ್ಗಡೆ ಒಯ್ದು ಸ್ವಲ್ಪ ದಿನ ಕಟ್ಟುತ್ತಿದ್ದರು. ಆಮೇಲೆ ದಡಕ್ಕೆ ಎಳೆದು, ಅಡಿಯಲ್ಲಿ ತೆಂಗಿನ ಮಡಲು ಉರಿಸಿ ಬೆಂಕಿ ತೋರಿಸೋದು, ತಾರ್ಲೆ ಮೀನಿನ ಎಣ್ಣೆ ಹಚ್ಚೋದು. ಈ ಉಪಚಾರ ನಿಂತು ಎಷ್ಟೋ ವರ್ಷವಾಗಿತ್ತು.

ಹುಳಕ್ಕಿಂತ ಜಾಸ್ತಿ ಹಾಳು ಮಾಡಿದ್ದು ನಾವೇ. ಮಾವನ ಕೊನೆಗಾಲದಲ್ಲಿ ಯಾರೋ ಒಂದು ಸಂದಿಗೆ ಸಿಮೆಂಟ್ ತುಂಬಿದ್ದರು, ಅದರ ಮೇಲೆ ತಗಡು, ತಗಡಿಗೆ ಕಬ್ಬಿಣದ ಮೊಳೆ. ಯಾರೋ ಅಂದೆ, ಅದರಲ್ಲಿ ಒಂದು ಕೈ ನನ್ನದೂ ಇತ್ತು. ಅವತ್ತು ಬುದ್ಧಿವಂತಿಕೆ ಅನಿಸಿತ್ತು. ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಗೆ ಮಾಡಿ ತಿಂದಿತ್ತು. ಸಿಮೆಂಟಿನ ಹಿಂದೆ ನೀರು ನಿಂತು ಮರ ಮೆತ್ತಗಾಗಿತ್ತು. ಅಜ್ಜ ಏನೂ ಅನ್ನಲಿಲ್ಲ. ಕಿತ್ತ ಮೊಳೆಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡುತ್ತ ಹೋದರು, ಅಷ್ಟೆ.

ಗೆಳೆಯನೊಬ್ಬ ಬಂದು, ಇಡೀ ದೋಣಿಗೆ ಫೈಬರ್ ಹೊದೆಸಿಬಿಡು, ತಲೆನೋವೇ ಇಲ್ಲ ಅಂದ. ಸುಮ್ನೆ ಒಪ್ಪಿಬಿಡುವವನಿದ್ದೆ. ಆದರೆ ಹಳೇ ಮರದಲ್ಲಿ ಸೇರಿದ ತೇವಕ್ಕೆ ಹೊರಗೆ ಬರುವ ದಾರಿ ಬೇಕು. ಮೇಲೆ ಗಾಳಿಯಾಡದ ಹೊದಿಕೆ ಬಿದ್ದರೆ ಒಳಗೆ ಕೊಳೆಯುತ್ತದೆ, ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ. ಸಿಮೆಂಟಿನಲ್ಲಿ ಕಲಿತ ಪಾಠ ಸಾಕಾಗಿತ್ತು. ಕೆಟ್ಟ ಎರಡು ಮೊಳ ಕೊಯ್ದು ತೆಗೆದು, ಅಲ್ಲಿಗೆ ಹೆಬ್ಬಲಸಿನ ತುಂಡು ಕೂರಿಸುವುದು ಅಂತ ಆಯಿತು. ಶಿರಸಿಯ ಹತ್ತಿರ ಒಂದು ಹಳೇ ಮನೆ ಕೆಡವುತ್ತಿದ್ದರು, ಅದರ ತೊಲೆ ಸಿಕ್ಕಿತು. ನೂರು ಮಳೆಗಾಲ ಹೊಗೆ ಕುಡಿದ ತೊಲೆ ಇರಬೇಕು, ಬಾಚಿ ಬಿದ್ದರೆ ಜಿಗಿಯುತ್ತಿತ್ತು.

ಹಗ್ಗ

2025ರ ಜನವರಿಯಿಂದ ಶನಿವಾರ ಮಧ್ಯಾಹ್ನ ಘಟ್ಟ ಇಳಿಯೋದು, ಭಾನುವಾರ ರಾತ್ರಿ ಹತ್ತೋದು. ಹೆಂಡತಿ ಮೊದಮೊದಲು ತಮಾಷೆ ಮಾಡುತ್ತಿದ್ದಳು, ಆಮೇಲೆ ಲೆಕ್ಕ ಕೇಳತೊಡಗಿದಳು. ಎಲ್ಲ ಮುಗಿಯುವ ಹೊತ್ತಿಗೆ ಒಂದು ಲಕ್ಷ ದಾಟಿತ್ತು. ಅಷ್ಟಕ್ಕೆ ಹಳೇ ಫೈಬರ್ ದೋಣಿ ಸಿಗುತ್ತಿತ್ತು ಅಂತ ಊರಿನ ಹುಡುಗರು ಹೇಳಿದ್ದೂ ಹೌದು.

ಮೊದಲ ಕೆಲಸ ಬಿಚ್ಚೋದು. ಹಳೇ ಹೊಲಿಗೆಯ ಒಂದು ಗಂಟು ಕೊಯ್ದು ಎಳೆದರೆ ಹಗ್ಗ ಸರಸರ ಬರುತ್ತದೆ, ಅಂಗಿಯ ಹೊಲಿಗೆ ಬಿಟ್ಟ ಹಾಗೆ. ಅರ್ಧ ದಿನದಲ್ಲಿ ದೋಣಿ ಮೂರು ತುಂಡಾಗಿ ಹಿತ್ತಲಲ್ಲಿ ಮಲಗಿತ್ತು. ಒಂದು ಒಡಲು, ಎರಡು ಹಲಗೆ. ನನಗೆ ಎದೆ ಧಸಕ್ ಅಂದಿತ್ತು. ಅತ್ತೆ ಮಾತ್ರ ಆರಾಮಾಗಿ ಚಾ ತಂದರು. ಅವರು ಮದುವೆಯಾಗಿ ಬಂದಾಗಿನಿಂದ ಹಿತ್ತಲಲ್ಲಿ ಇದನ್ನು ನೋಡಿದವರು. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ ಬಿಚ್ಚೋದು, ಹಲಗೆ ಒಣಗಿಸೋದು, ಕೆಟ್ಟದ್ದು ಬದಲಿಸೋದು, ಹೊಸ ಹಗ್ಗದಲ್ಲಿ ಹೊಲಿಯೋದು. ಬಲದ ಹಲಗೆ ಅವರು ಬಂದ ಮೇಲೆ ಒಮ್ಮೆ ಬದಲಾಗಿದೆಯಂತೆ. ಎಡದ್ದು ಎರಡು ಸಲ.

ನನ್ನ ತಲೆಯಲ್ಲಿದ್ದದ್ದು ಬೇರೆಯೇ ಆಗಿತ್ತು. ಹಳೇ ದೋಣಿ ಅಂದರೆ ಹೇಗಿತ್ತೋ ಹಾಗೇ ಉಳಿಸಬೇಕು, ಆದಷ್ಟು ಮುಟ್ಟಬಾರದು ಅಂತ. ಇಲ್ಲಿ ನೋಡಿದರೆ ಮುಟ್ಟದೇ ಇದ್ದ 15 ವರ್ಷವೇ ಅದನ್ನು ಕೊಂದದ್ದು.

ಹೊಲಿಯುವುದು ಹೀಗೆ. ಒಡಲಿನ ಅಂಚಿಗೂ ಹಲಗೆಯ ಅಂಚಿಗೂ ನಾಲ್ಕು ಬೆರಳಿಗೊಂದರಂತೆ ಎದುರುಬದುರು ತೂತು. ಸಂದಿಯ ಮೇಲೆ ಕತ್ತದ ನಾರಿನ ದಪ್ಪ ಸುರುಳಿ ಇಡಬೇಕು. ಅದನ್ನು ಒತ್ತಿ ಹಿಡಿಯುವ ಹಾಗೆ ಹಗ್ಗ ಈ ತೂತಿನಿಂದ ಆ ತೂತಿಗೆ ಅಡ್ಡಡ್ಡ ಹೋಗುತ್ತದೆ. ಒಬ್ಬರು ಒಳಗೆ, ಒಬ್ಬರು ಹೊರಗೆ. ಹೊರಗಿನವನು ಹಗ್ಗವನ್ನು ಒಂದು ಮರದ ತುಂಡಿಗೆ ಸುತ್ತಿ ಮೀಟಿ ಎಳೆಯಬೇಕು, ಒಳಗಿನವನು ಸುರುಳಿಯನ್ನು ಕೊಡತಿಯಲ್ಲಿ ಬಡಿಯಬೇಕು. ಬಿಗಿ ಬಂದ ಕೂಡಲೇ ತೂತಿಗೆ ಬೆಣೆ. ನಾನು ಎಳೆದ ಮೊದಲ ಹತ್ತು ಹೊಲಿಗೆಯನ್ನು ಅಜ್ಜ ಒಂದೊಂದಾಗಿ ಬೆರಳಿನಿಂದ ಮೀಟಿ ನೋಡಿದರು. ಬಿಗಿ ಇದ್ದದ್ದು ದುಂಯ್ ಅನ್ನುತ್ತದೆ. ನನ್ನದು ಮಾತೇ ಆಡಲಿಲ್ಲ. "ಇದು ಹಾಸಿಗೆ ಹೊಲಿದಾಂಗೆ ಆತು" ಅಂತ ಹತ್ತನ್ನೂ ಬಿಚ್ಚಿದರು. ಸಂಜೆಯೊಳಗೆ ಅಂಗೈ ಸುಲಿದು ಹೋಗಿತ್ತು. ಮರುವಾರದಿಂದ ಅಜ್ಜನ ಮೊಮ್ಮಗ ಎಳೆದ, ನಾನು ಬೆಣೆ ಕೊಡುವ ಕೆಲಸಕ್ಕೆ ಇಳಿದೆ.

ಹಗ್ಗ ಹೊಸೆದದ್ದು ಅಜ್ಜನ ಹೆಂಡತಿ ಮತ್ತು ಅತ್ತೆ. ಅಂಗಡಿಯ ಹಗ್ಗ ತಂದು ತೋರಿಸಿದ್ದೆ. ಅಜ್ಜಿ ಮೂಸಿ ನೋಡಿ ಪಕ್ಕಕ್ಕಿಟ್ಟರು. ನೈಲಾನ್ ತರಲಾ ಅಂದೆ. ಒದ್ದೆಯಾದರೆ ಹಿಗ್ಗುತ್ತದೆ, ಎಳೆದರೆ ಮರವನ್ನೇ ಕೊಯ್ಯುತ್ತದೆ, ಬೇಡ. ಸವಳು ನೀರಿನ ಕೆಸರಲ್ಲಿ ತಿಂಗಳುಗಟ್ಟಲೆ ಹೂತ ಸಿಪ್ಪೆಯ ನಾರೇ ಬೇಕು, ಅದು ಉಪ್ಪು ನೀರಿಗೆ ಹೆದರುವುದಿಲ್ಲ. ನಮ್ಮ ಅದೃಷ್ಟಕ್ಕೆ ಪಕ್ಕದ ಊರಲ್ಲಿ ಒಂದು ಮನೆಯವರು ಬೇರೆ ಯಾವುದಕ್ಕೋ ಹೂತಿಟ್ಟಿದ್ದರು. ಇಬ್ಬರು ಹೆಂಗಸರು ಜಗಲಿಯಲ್ಲಿ ಕೂತು ತೊಡೆಯ ಮೇಲೆ ಹೊಸೆಯುತ್ತ, ನನ್ನ ಮಾವನ ಮದುವೆಗೆ ಮೊದಲಿನ ಪ್ರಸಂಗಗಳನ್ನೆಲ್ಲ ಮಾತಾಡಿಕೊಂಡು ನಗುತ್ತಿದ್ದರು. ಅದರಲ್ಲಿ ಒಂದನ್ನೂ ಇಲ್ಲಿ ಬರೆಯುವ ಹಾಗಿಲ್ಲ.

ನೇವಿಯವರ ದೋಣಿ

ಮೇ ತಿಂಗಳಲ್ಲಿ, ನಮ್ಮ ಎಡದ ಹಲಗೆ ಅರ್ಧ ಹೊಲಿದಾಗಿತ್ತು. ಮೇ 21ಕ್ಕೆ ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಅಂತ ಹೊಲಿದ ಹಡಗೊಂದನ್ನು ನೌಕಾಪಡೆಗೆ ಸೇರಿಸಿಕೊಂಡರು. ಅಜಂತಾ ಗುಹೆಯ ಐದನೇ ಶತಮಾನದ ಚಿತ್ರದಲ್ಲಿರುವ ಹಡಗನ್ನು ನೋಡಿ ಗೋವಾದಲ್ಲಿ ಕಟ್ಟಿದ್ದು. ಕೇರಳದ ಬಾಬು ಶಂಕರನ್ ಮುಂದೆ ನಿಂತು ಮಾಡಿಸಿದವರು. ಕತ್ತದ ಹಗ್ಗ, ತೆಂಗಿನ ನಾರು, ರಾಳ. ನಾನು ಫೋನಿನಲ್ಲಿ ವಿಡಿಯೋ ತೋರಿಸಿದೆ. ಅಜ್ಜ ಕನ್ನಡಕ ತರಿಸಿ ಹಾಕಿಕೊಂಡು ಮೂರು ಸಲ ನೋಡಿದರು. ಹಡಗು ಹೇಗಿದೆ, ಹಾಯಿ ಹೇಗಿದೆ ಅನ್ನುವುದು ಅವರಿಗೆ ಬೇಕಿರಲಿಲ್ಲ. ಹೊಲಿಗೆ ಹತ್ತಿರದಿಂದ ಕಾಣಿಸಿದ ಕಡೆ ನಿಲ್ಲಿಸು ಅಂದರು. ಬೆರಳಿಟ್ಟು ತೂತುಗಳ ಅಂತರ ನೋಡಿದರು. "ಲಾಯ್ಕ ಹೊಲ್ದಿದ್ರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬಿಚ್ಚೂಕೆ ಯಾರು ಬತ್ರಂತೆ?"

ಆ ಹಡಗು ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟು, ಜನವರಿಯಲ್ಲಿ ಮುಟ್ಟಿತು. ನನಗೆ ಹೆಮ್ಮೆಯೇ ಆಯಿತು. ಹೊಲಿದ ದೋಣಿ ಬಡವರ ದೋಣಿ, ಮೊಳೆಗೆ ಗತಿಯಿಲ್ಲದವರದ್ದು ಅಂತ ನಾವೇ ಅಂದುಕೊಂಡಿದ್ದೆವಲ್ಲ. ಅದು ಬಡತನವಲ್ಲ, ಅಲೆ ಒಡೆಯುವ ದಡಕ್ಕೆ ದಿನಾ ಬಡಿದು ಹತ್ತಬೇಕಾದ ದೋಣಿಗೆ ಮೈ ಸ್ವಲ್ಪ ಬಳುಕಬೇಕು. ಮೊಳೆ ಹೊಡೆದ ಹಲಗೆ ಸೀಳುತ್ತದೆ, ಹೊಲಿದದ್ದು ಬಾಗಿ ಬರುತ್ತದೆ. ಆದರೂ ಅಜ್ಜನ ಪ್ರಶ್ನೆ ಹಾಗೇ ಉಳಿಯಿತು. ನೇವಿಯವರಿಗೆ ಜನ ಇದ್ದಾರೆ. ಅದು ನಮ್ಮ ದೋಣಿಗೆ ಕೇಳಿದ್ದು ಅಂತ ನನಗೆ ಆಗ ಹೊಳೆಯಲಿಲ್ಲ.

ಮುಳುಗಿಸಿದ್ದು

ಮಳೆಗಾಲಕ್ಕೆ ಮೊದಲು ಹೊಲಿಗೆ ಮುಗಿಯಿತು. ರಾಳವನ್ನು ಎಣ್ಣೆಯಲ್ಲಿ ಕರಗಿಸಿ ಸಂದಿಗೆ ಬಳಿದೆವು. ಒಡಲಿಗೆ ಗೇರು ಎಣ್ಣೆ. ಮಳೆಯ ಆ ನಾಲ್ಕು ತಿಂಗಳಲ್ಲಿ ಹಾಯಿ ತಯಾರಾಯಿತು. ಹಳೇ ಹಾಯಿ ಅಟ್ಟದಲ್ಲಿ ಇಲಿ ತಿಂದು ಜರಡಿಯಾಗಿತ್ತು, ಅಳತೆಗೆ ಮಾತ್ರ ಬಂತು. ಹೊಸದಕ್ಕೆ ಮಾಂಜರಪಾಟು. ಮತ್ತಿ ತೊಗಟೆಯನ್ನು ಭತ್ತ ಬೇಯಿಸುವ ಹಂಡೆಯಲ್ಲಿ ಕುದಿಸಿ ಚೊಗರು ತೆಗೆದು ಬಟ್ಟೆಯನ್ನು ಅದರಲ್ಲಿ ಅದ್ದಿದೆವು, ಹತ್ತಿ ಬಲೆಗಳಿಗೆ ಹಿಂದೆ ಮಾಡುತ್ತಿದ್ದ ಹಾಗೆ. ಬಿಳಿ ಬಟ್ಟೆ ಚಾದ ಬಣ್ಣಕ್ಕೆ ಬಂತು. ಹಂಡೆಯ ಬಣ್ಣ ಇನ್ನೂ ಹೋಗಿಲ್ಲ, ಅತ್ತೆ ಈಗಲೂ ಹೇಳುತ್ತಾರೆ.

ಅಕ್ಟೋಬರ್ ಕೊನೆಯ ಭಾನುವಾರ ದೋಣಿ ನೀರಿಗಿಳಿಯಿತು. ಕಾಯಿ ಒಡೆದದ್ದಾಯಿತು, ಹೂವು ಏರಿಸಿದ್ದಾಯಿತು. ಊರಿನ ಒಂದಿಪ್ಪತ್ತು ಜನ ಕೈ ಹಾಕಿ ತಳ್ಳಿದರು. ಹುಡುಗರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಐದು ನಿಮಿಷ ತೇಲಿತು. ಆಮೇಲೆ ಪ್ರತಿ ಹೊಲಿಗೆಯ ಸಂದಿಯಿಂದ ಸಣ್ಣಗೆ, ಚಿಲುಮೆ ಒಸರಿದ ಹಾಗೆ ನೀರು ಬರತೊಡಗಿತು. ನಾನು ತೆಂಗಿನ ಚಿಪ್ಪು ಹಿಡಿದು ನೀರು ಗೋರಿ ಚೆಲ್ಲಿದ್ದೇ ಚೆಲ್ಲಿದ್ದು. ಅಜ್ಜ ಸೊಂಟದ ಮಟ್ಟದ ನೀರಲ್ಲಿ ಬಂದು ನನ್ನ ಕೈಯಿಂದ ಚಿಪ್ಪು ತೆಗೆದುಕೊಂಡರು. ದೋಣಿಯ ಅಂಚು ಹಿಡಿದು ಒತ್ತಿದರು. ಇನ್ನಿಬ್ಬರನ್ನು ಕರೆದು ಅವರ ಕೈಯಲ್ಲೂ ಒತ್ತಿಸಿದರು. ಹತ್ತು ತಿಂಗಳ ದುಡಿಮೆ ಎಲ್ಲರ ಕಣ್ಣೆದುರು ಗುಳುಗುಳು ಅಂತ ಮುಳುಗಿತು. ಮೇಲೆ ನಾಲ್ಕು ಕಲ್ಲು ಹೇರಿದರು. ಯಾರೋ ಹುಡುಗ ಕಿಸಕ್ಕನೆ ನಕ್ಕ. ಇನ್ನೊಬ್ಬ ವಿಡಿಯೋ ನಿಲ್ಲಿಸಿದ, ಅದು ಮರ್ಯಾದೆ ಉಳಿಸೋದಕ್ಕೋ ಬ್ಯಾಟರಿ ಉಳಿಸೋದಕ್ಕೋ ಗೊತ್ತಿಲ್ಲ.

"ಬಾಯಾರಿಕೆ ಅದಕ್ಕೆ," ಅಂದರು ಅಜ್ಜ. "ಕುಡೀಲಿ."

ಮೂರು ದಿನ ರಜೆ ಹಾಕಿ ಅಲ್ಲೇ ಉಳಿದೆ. ಇಳಿತದ ಹೊತ್ತಿಗೆ ಹೋದರೆ ನೀರಿನಡಿ ಕಂದು ಬಣ್ಣದ ಒಂದು ಉದ್ದ ನೆರಳು. ಅದರ ಮೇಲೆ ಸಣ್ಣ ಮೀನುಗಳು ಓಡಾಡುತ್ತಿದ್ದವು. ಒಣಗಿದ ಮರ ನೀರು ಕುಡಿದು ಉಬ್ಬುತ್ತದೆ, ನಾರೂ ಉಬ್ಬುತ್ತದೆ, ಸಂದಿ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ್ದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ನಾಲ್ಕನೇ ಬೆಳಿಗ್ಗೆ ಕಲ್ಲು ತೆಗೆದು, ಎತ್ತಿ, ನೀರು ಚೆಲ್ಲಿ, ಒಳಗೆ ಕೂತು ಕಾಯುವಾಗ ಮಾತ್ರ ಉಸಿರು ಬಿಟ್ಟಿರಲಿಲ್ಲ. ಒಂದು ತಾಸಿನ ಮೇಲೆ ಅಂಗೈಯಲ್ಲಿ ತಳ ಸವರಿದೆ. ಒದ್ದೆ ಇತ್ತು, ನೀರಿರಲಿಲ್ಲ.

ಡಿಸೆಂಬರಿನಲ್ಲಿ ಎರಡು ಸಲ ಹಾಯಿ ಕಟ್ಟಿ ಅಳಿವೆ ದಾಟಿ ಹೋದೆವು. ಅಜ್ಜ ಚುಕ್ಕಾಣಿಗೆ, ಮೊಮ್ಮಗ ಹಾಯಿಗೆ. ತೋಳಿನ ತುದಿಗೆ ನಾನು. ಈಗ 78 ಕಿಲೋ. ಸರಿದು ಹೋಗಿ ಕೂತದ್ದೇ ತೇಲುಮರ ಪೂರ್ತಿ ನೀರೊಳಗೆ ಹೋಯಿತು, ದೋಣಿ ಎಡಕ್ಕೆ ವಾಲಿತು, ಹಿಂದಿನಿಂದ ಅಜ್ಜನ ಬೈಗುಳ. ಅರ್ಧ ದಾರಿಗೆ ಸರಿದು ಬಂದೆ. ಬಂದದ್ದು ನಾಲ್ಕು ಬಂಗಡೆ.

ಯಾರು ಬಿಚ್ಚುತ್ತಾರೆ

ಈಗ ಆ ಪ್ರಶ್ನೆಗೆ ವಾಪಸು ಬರುತ್ತೇನೆ. ರೆಸಾರ್ಟಿನವರಿಗೆ ಬೇಕಾದ ವಯಸ್ಸು ಈ ದೋಣಿಗೆ ಇಲ್ಲ. ಒಡಲಿನ ವಯಸ್ಸು ಬೇರೆ, ಹಲಗೆಗಳದ್ದು ಬೇರೆ ಬೇರೆ, ಹಿಂದಿನ ತುದಿ ಶಿರಸಿಯ ಯಾರದೋ ಮನೆಯ ತೊಲೆ, ಹಗ್ಗಕ್ಕೆ ಒಂದು ವರ್ಷವೂ ಆಗಿಲ್ಲ. ಅದನ್ನು ಕಟ್ಟಿದವರು ಒಮ್ಮೆ ಕಟ್ಟಿ ಮುಗಿಸುವ ವಸ್ತು ಅಂತ ಕಟ್ಟಿರಲೇ ಇಲ್ಲ, ಗದ್ದೆ ಹಾಗೆ ವರ್ಷ ವರ್ಷ ಮಾಡುವ ಕೆಲಸ ಅಂತ ಕಟ್ಟಿದ್ದರು. ನಾನು ಮಾತ್ರ ಒಂದು ಸಲ ದುಡ್ಡು ಹಾಕಿ, ಉಳಿಸಿದೆ ಅಂತ ಬೀಗುತ್ತ ಘಟ್ಟ ಹತ್ತಿದೆ. ಮೊಮ್ಮಗ ಮುಂದಿನ ಹಂಗಾಮಿಗೆ ಮಲ್ಪೆಯ ಬೋಟಿಗೆ ಹೋಗುವ ಮಾತಾಡುತ್ತಿದ್ದಾನೆ, ಹೋಗಬೇಡ ಅನ್ನಲು ನಾನು ಯಾರು? ಅಜ್ಜಿಗೆ ಬೆರಳು ಮಡಚುವುದಿಲ್ಲ. ನನಗೆ ವರ್ಷಕ್ಕೆ ಇರುವ ರಜೆ ಇಷ್ಟೇ. ಕೆಲವು ರಾತ್ರಿ, ಕಪಾಟಾದರೂ ಆಗಿದ್ದರೆ ಒಣಗಿದ ಜಾಗದಲ್ಲಿ ಇರುತ್ತಿತ್ತಲ್ಲ ಅಂತ ಒಂದು ಕೆಟ್ಟ ಯೋಚನೆಯೂ ಬಂದುಹೋಗಿದೆ. ಬಂದದ್ದನ್ನು ಮುಚ್ಚಿಡೋದಿಲ್ಲ.

ಹೋದ ಭಾನುವಾರ ಇಳಿದಿದ್ದೆ. ದೋಣಿ ನೋಡಿ, ಅಜ್ಜನ ಮನೆ ಕಡೆ ಹೋದೆ. ಅವರಿರಲಿಲ್ಲ, ಹೊಳೆಯ ಅಂಚಿಗೆ ಹೋಗಿದ್ದಾರೆ ಅಂದರು ಅಜ್ಜಿ. ಹೋಗಿ ನೋಡಿದರೆ ಮೊಣಕಾಲು ಮಟ್ಟ ಕೆಸರಲ್ಲಿ ನಿಂತು ಒಂದು ಗುಂಡಿಯ ಮೇಲೆ ಮಡಲು ಹಾಸಿ ಕಲ್ಲಿಡುತ್ತಿದ್ದರು. ಪಕ್ಕದಲ್ಲಿ ಖಾಲಿ ಚೀಲಗಳು. ಎಂತದು ಅಂದೆ.

"ಸಿಪ್ಪೆ. ಐದು ನೂರು ಕಾಯಿದು. ನಿನ್ನ ಅತ್ತೆ ಕೊಟ್ಟದ್ದು."

ನನ್ನನ್ನು ಯಾರೂ ಕೇಳಿರಲಿಲ್ಲ. ಹತ್ತು ತಿಂಗಳಾದರೂ ಬೇಕು ಅದು ನಾರಾಗಲು. ಅಜ್ಜ ಕೈ ಚಾಚಿದರು, ಎಳೆದು ದಡಕ್ಕೆ ಹತ್ತಿಸಿದೆ. ಕೆಸರಿನ ಆ ಕೊಳೆತ ವಾಸನೆ ನನ್ನ ಅಂಗಿಗೂ ಹತ್ತಿತು. ಘಟ್ಟ ಹತ್ತುವಾಗ ಬಸ್ಸಿನಲ್ಲಿ ಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು.